ಭಾವನ ಎದೆಯ ಕಟ್ಟು

ಭಾವ, ನಿಮ್ಮ ಬಲಗೈ ಸರಿಹೋಗಬಾರದು ಎಂದು ನಾನು ಬಯಸಿದ್ದೆ. ಬಯಸಿ ಸುಮ್ಮನಿರಲಿಲ್ಲ — ಸರಿಹೋಗದ ಹಾಗೆ ನೋಡಿಕೊಂಡೆ. ನಿಮ್ಮ ಮನೆಯ ಹಾಲ್‌ನಲ್ಲಿ, ನಿಮ್ಮ ಕಣ್ಣೆದುರಿಗೇ, ನಿಮ್ಮ ಬಾಯಿಂದ ಒಳ್ಳೆಯವನು ಅನ್ನಿಸಿಕೊಳ್ಳುತ್ತಲೇ ಆ ಕೆಲಸ ಮಾಡಿದೆ. ನಿಮಗದು ಗೊತ್ತಾಗಲಿಲ್ಲ. ಅಕ್ಕನಿಗೆ ಇವತ್ತಿಗೂ ಗೊತ್ತಿಲ್ಲ.

ಇದನ್ನು ಕೇಳುತ್ತಾ, ಪಾಪ ಸೀನನಿಗೆ ಈಗ ಬುದ್ಧಿ ಬಂದಿದೆ, ಕರುಳು ಕರಗಿದೆ ಎಂದು ನಿಮಗೆ ಅನ್ನಿಸಬಹುದು. ಹಾಗೇನಿಲ್ಲ. ನನಗೆ ನೀವು ಇಷ್ಟವಿಲ್ಲ. ಆಗಲೂ ಇರಲಿಲ್ಲ, ಈಗಲೂ ಇಲ್ಲ. ನಿಮ್ಮ ನಗು ಕೇಳಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ನಿಮ್ಮನ್ನು ದ್ವೇಷಿಸಿದ್ದಕ್ಕೆ ನಾನು ಕ್ಷಮೆ ಕೇಳುತ್ತಿಲ್ಲ — ಅದಕ್ಕೆ ನೀವು ಬೇಕಾದಷ್ಟು ಕಾರಣ ಕೊಟ್ಟಿದ್ದೀರಿ. ಆ ದ್ವೇಷ ನನ್ನಿಂದ ಏನು ಮಾಡಿಸಿತು, ಅದರ ಫಲವನ್ನು ಈಗ ಯಾರು ಉಣ್ಣುತ್ತಿದ್ದಾರೆ — ಅದನ್ನು ಹೇಳಬೇಕು. ಹೇಳದೆ ಇನ್ನು ನಿಮ್ಮ ಮನೆಯ ಮೆಟ್ಟಿಲು ಹತ್ತಲು ನನ್ನಿಂದಾಗುವುದಿಲ್ಲ.

ಅರಸೀಕೆರೆಯಲ್ಲಿ ಬಿ.ಕಾಂ. ಮುಗಿಸಿ ಖಾಲಿ ಕೂತಿದ್ದವನನ್ನು ಮುಂಬಯಿಗೆ ಕರೆಸಿಕೊಂಡವರು ನೀವು. ದಾದರಿನ ಆಫೀಸಿನಲ್ಲಿ ಗುಮಾಸ್ತೆ ಕೆಲಸ ಕೊಡಿಸಿದವರೂ ನೀವೇ. ಗೋರೆಗಾಂವಿನ ಆ ಚಿಕ್ಕ ಮನೆಯಲ್ಲಿ ನೀವೂ ಅಕ್ಕನೂ ಅಡುಗೆಮನೆಯಲ್ಲಿ ಮಲಗಿ ನನಗೆ ಹಾಲ್ ಬಿಟ್ಟುಕೊಟ್ಟಿದ್ದಿರಿ. ಇದೆಲ್ಲ ನನಗೆ ನೆನಪಿದೆ. ಮರೆಯಲು ನೀವು ಬಿಡಬೇಕಲ್ಲ! ಮನೆಗೆ ಯಾರೇ ಬರಲಿ, ನನ್ನ ಬೆನ್ನಿನ ಮೇಲೆ ಕೈಯಿಟ್ಟು, "ಇವ್ನು ನಮ್ ಸೀನ. ಬಂದಾಗ ಲೋಕಲ್ ಹತ್ತೋಕೂ ಬರ್ತಿರ್ಲಿಲ್ಲ. ನಾನೇ ಕೈ ಹಿಡಿದು ಹತ್ತಿಸಿದ್ದು" ಎನ್ನುತ್ತಿದ್ದಿರಿ. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪನ ಮುಂದೆಯೂ ಅದೇ ಮಾತು. ನಾನು ಬೊರಿವಲಿಯಲ್ಲಿ ಸ್ವಂತ ಮನೆ ಮಾಡಿ, ತಲೆಗೂದಲು ಉದುರಿ, ಕನ್ನಡಕ ಬಂದ ಮೇಲೂ ಅದೇ ಮಾತು.

ಅದರ ಮೇಲೆ ಭಾನುವಾರದ ಕೇರಂ. ನಿಮ್ಮ ಬಿಲ್ಡಿಂಗಿನ ಕೆಳಗಿನ ಸೊಸೈಟಿ ಆಫೀಸಿನಲ್ಲಿ ಬೋರ್ಡು ಹಾಕಿ, ಬೋರಿಕ್ ಪೌಡರ್ ಉದುರಿಸಿ ನೀವು ಕೂತರೆಂದರೆ ಸುತ್ತ ಜನ ಸೇರುತ್ತಿದ್ದರು. ನಿಮ್ಮ ಆಟ ಚೆಂದವಿತ್ತು. ಅದನ್ನು ಇಲ್ಲವೆನ್ನಲಾರೆ. ಬೆನ್ನು ಕುರ್ಚಿಗೆ ತಾಗಿಯೇ ಇರುತ್ತಿತ್ತು. ಉದ್ದನೆಯ ಬಲಗೈ ಮಾತ್ರ ಬೋರ್ಡಿನ ಮೇಲೆ ಹೋಗಿ, ಸ್ಟ್ರೈಕರನ್ನು ಮುಟ್ಟಿ, ಹಿಂದೆ ಬರುತ್ತಿತ್ತು. ನನಗೆ ಬಗ್ಗಿ ಆಡುವ ಚಾಳಿ. ಹೊಡೆಯಬೇಕಾದ ಪಾನು ದೂರವಿದ್ದರೆ ನನಗೆ ಗೊತ್ತಿಲ್ಲದೆಯೇ ಬೋರ್ಡಿನ ಮೇಲೆ ಬಾಗುತ್ತಿದ್ದೆ. ಆಗ ನೀವು ಎಲ್ಲರೆದುರು ನನ್ನ ಹೆಗಲಿಗೆ ತಟ್ಟಿ, "ಲೋ, ಕೈಯಲ್ಲಿ ಆಡೋ, ಮೈಯಲ್ಲಲ್ಲ" ಅನ್ನುತ್ತಿದ್ದಿರಿ. ಅದನ್ನೇ ಹಿಂದಿಯಲ್ಲಿ ಇನ್ನೊಮ್ಮೆ ಹೇಳಿ ಉಳಿದವರನ್ನೂ ನಗಿಸುತ್ತಿದ್ದಿರಿ.

ಒಂದು ಭಾನುವಾರ ನನ್ನ ಮಗಳು ಅನು ಪಕ್ಕದಲ್ಲಿ ನಿಂತಿದ್ದಳು. ಆಗ ನಾಲ್ಕನೆಯ ಕ್ಲಾಸೋ ಐದೋ. ಅಪ್ಪ ಗೆಲ್ಲುತ್ತಾನೆಂದು ಅವಳು ನಂಬಿದ್ದಳು. ನಾನು ಗೆಲ್ಲುತ್ತಲೂ ಇದ್ದೆ — ನನ್ನವು ಎರಡೇ ಪಾನು ಉಳಿದಿದ್ದವು, ಕ್ವೀನ್ ನನ್ನದಾಗಿತ್ತು. ನೀವು ಒಂದೇ ಸರದಿಯಲ್ಲಿ ನಿಮ್ಮ ಪಾನನ್ನೆಲ್ಲ ತೆಗೆದಿರಿ. ಆಮೇಲೆ ಅವಳ ಗಲ್ಲ ಹಿಡಿದು, "ಅನೂ, ನಿಮ್ಮಪ್ಪಂಗೆ ಸೋಲೋದನ್ನೂ ನಾನೇ ಕಲಿಸ್ಬೇಕಾಯ್ತು" ಎಂದಿರಿ. ಅವಳಿಗೆ ಕನ್ನಡ ಅಷ್ಟಕ್ಕಷ್ಟೆ. ಆದರೆ ಅದು ಅರ್ಥವಾಯಿತು. ಅವಳು ನಕ್ಕಳು. ಮನೆಗೆ ಹೋಗುವ ಲೋಕಲಿನಲ್ಲಿ, "ಪಪ್ಪಾ, ಆಪ್ ಕಭೀ ಜೀತೇ ಹೋ ಕ್ಯಾ ಮಾಮಾ ಸೇ?" ಎಂದು ಕೇಳಿದಳು. ಮಾಮನ ಎದುರು ನಾನು ಒಮ್ಮೆಯಾದರೂ ಗೆದ್ದಿದ್ದೇನೆಯೇ ಎಂದು. ನಿಮ್ಮ ಆ ಕೈ ಬಿದ್ದುಹೋಗಲಿ ಎಂದು ಅಂದು ಮನಸ್ಸಿನಲ್ಲೇ ಶಪಿಸಿದೆ. ಸಿಟ್ಟಿನಲ್ಲಿ ಎಲ್ಲರೂ ಅನ್ನುವ ಮಾತು ಅದು, ಅಂದು ಮರೆಯುವ ಮಾತು. ನಾನು ಮರೆಯಲಿಲ್ಲ.

ಆಮೇಲೆ ಕೆಲವು ವರ್ಷಕ್ಕೆ, ಬೆಳಗ್ಗೆ ಸ್ನಾನಕ್ಕೆ ಹೋದವರು ಬಚ್ಚಲಲ್ಲಿ ಕುಸಿದಿರಿ. ಅಕ್ಕ ಫೋನು ಮಾಡಿದಾಗ ನಾನು ಆಫೀಸಿನ ದಾರಿಯಲ್ಲಿದ್ದೆ. ಓಡಿ ಬಂದೆ. ನಿಮ್ಮನ್ನು ಸ್ಟ್ರೆಚರಿಗೆ ಎತ್ತಿ ಹಾಕಿದವರಲ್ಲಿ ನಾನೂ ಒಬ್ಬ. ಆಗ ನನಗೆ ನಿಜವಾಗಿಯೂ ಭಯವಾಗಿತ್ತು — ನನ್ನ ಶಾಪ ತಗುಲಿತೇ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನನ್ನನ್ನೇ ಕೇಳಿಕೊಳ್ಳುತ್ತಿದ್ದೆ. ಪಾರ್ಶ್ವವಾಯು, ಎಡ ಮೆದುಳಿಗೆ ರಕ್ತ ಹೋಗಿಲ್ಲ, ಬಲಗಡೆ ಬಿದ್ದಿದೆ ಎಂದರು. ದಿನ ಕಳೆದಂತೆ ನಿಮ್ಮ ಕಾಲು ಬಂತು, ಮಾತು ಮುಕ್ಕಾಲುಪಾಲು ಬಂತು. ಬಲಗೈ ಮಾತ್ರ ಮೊಣಕೈಯಲ್ಲಿ ಮಡಚಿ ಎದೆಗೆ ಅಂಟಿಕೊಂಡು ಕೂತಿತು. ನನ್ನ ಭಯವೂ ಆ ಹೊತ್ತಿಗೆ ಇಳಿದಿತ್ತು.

ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ನಿಮಗೆ ನೆನಪಿರಬೇಕು. ನೀವು ಅವಳನ್ನು ಪೊಲೀಸಮ್ಮ ಎನ್ನುತ್ತಿದ್ದಿರಿ. ಮೂಲೆಯಲ್ಲಿ ಒರಗಿಸಿದ್ದ ನಿಮ್ಮ ಕೇರಂ ಬೋರ್ಡನ್ನು ನೋಡಿ, ಇದರಲ್ಲೇ ಕಸರತ್ತು ಮಾಡೋಣ ಎಂದವಳು ಅವಳು. ಬೋರ್ಡನ್ನು ಟೇಬಲ್ಲಿನ ಮೇಲೆ ಹಾಕಿಸಿ, ಆಚೆ ಅಂಚಿನಲ್ಲಿ ಪಾನು ಇಟ್ಟು, ಅದನ್ನು ಮುಟ್ಟಿ ಎಂದಳು. ನೀವು ಮುಟ್ಟಿದಿರಿ. ಅಕ್ಕನ ಕಣ್ಣಲ್ಲಿ ನೀರು ಬಂತು. ನಾನೂ ಕೈ ಬಂದೇಬಿಟ್ಟಿತು ಎಂದುಕೊಂಡೆ. ಅವಳೊಬ್ಬಳೇ ತಲೆಯಾಡಿಸಿದಳು. "ಅಂಕಲ್, ಬಾಡಿ ಆಗೇ ಜಾಯೇಗಾ ತೋ ಹಾಥ್ ಕಭೀ ನಹೀ ಸೀಖೇಗಾ."

ಅವಳು ಅಕ್ಕನಿಗೂ ನನಗೂ ನಿಧಾನವಾಗಿ ತಿಳಿಸಿ ಹೇಳಿದಳು. ನಿಮ್ಮ ಮೊಣಕೈ ಚೂರೂ ಬಿಚ್ಚಿರಲಿಲ್ಲ. ಭುಜವನ್ನು ಮೇಲೆತ್ತಿ, ಸೊಂಟದಿಂದ ಇಡೀ ಮೈಯನ್ನು ಮುಂದಕ್ಕೆ ಎಸೆದು, ಮಡಚಿದ ಕೈಯನ್ನು ಹೊತ್ತುಕೊಂಡು ಹೋಗಿ ಪಾನಿಗೆ ತಾಗಿಸಿದ್ದಿರಿ. ಹೀಗೆ ಮೈಯೇ ಕೈಯ ಕೆಲಸ ಮಾಡಿಬಿಟ್ಟರೆ ಕೈ ತನ್ನ ಕೆಲಸವನ್ನು ಮರೆತೇಬಿಡುತ್ತದೆ. ಶುರುವಿನ ಈ ತಿಂಗಳುಗಳು ಬಹಳ ಮುಖ್ಯ. ಅದಕ್ಕೇ ಎದೆಯನ್ನು ಕುರ್ಚಿಯ ಬೆನ್ನಿಗೆ ಕಟ್ಟಿ, ಮೈ ಮುಂದೆ ಹೋಗದ ಹಾಗೆ ಮಾಡಿ, ಆಮೇಲೆ ಕೈ ಚಾಚಿಸಬೇಕು. ಅಕ್ಕ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಹರಿದು, ಮಡಿಸಿ ಅಗಲದ ಪಟ್ಟಿ ಹೊಲಿದಳು. ಅಂದರೆ, ಭಾವ — ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ನಿಮ್ಮ ಮೈಯೊಳಗೆ ಏನು ನಡೆಯುತ್ತಿದೆ ಎಂದು ಆ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ತಿಳಿದುಕೊಂಡವರು ಇನ್ನೊಬ್ಬರಿರಲಿಲ್ಲ.

ಅಕ್ಕ ದಿನಾ ಕಟ್ಟಿದಳು. ನೀವು ಬೈದಿರಿ, ಎಡಗೈಯಲ್ಲಿ ಅವಳನ್ನು ತಳ್ಳಿದಿರಿ, ಊಟ ಬಿಟ್ಟಿರಿ. ಬಾಗಿಲು ತೆರೆದೇ ಇರುವ ಮನೆಗಳಲ್ಲವೇ — ಎದುರು ಮನೆಯ ಮರಾಠಿ ಕಾಕು ನೋಡಿದರು. "ನವರ್‍ಯಾಲಾ ಬಾಂಧೂನ್ ಠೇವ್ತೇ" ಎಂದು ನಲ್ಲಿಯ ಹತ್ತಿರ ಹೇಳಿದರಂತೆ. ಗಂಡನನ್ನು ಕಟ್ಟಿಹಾಕುತ್ತಾಳೆ ಎಂದು. ಅಕ್ಕ ಅದನ್ನು ನನ್ನ ಹತ್ತಿರ ಹೇಳಿಕೊಂಡು ಅತ್ತಳು. ಮಾರನೆಯ ದಿನವೂ ಕಟ್ಟಿದಳು.

ಅವಳಿಗೆ ಹೊರಗೆ ಹೋಗಲು ಬಿಡುವೇ ಇರಲಿಲ್ಲ. ನಾನೇ ಮುಂದೆ ಬಂದು ಹೇಳಿದೆ — ಆಫೀಸಿನಿಂದ ಬರುವಾಗ ಗೋರೆಗಾಂವಿನಲ್ಲಿ ಇಳಿಯುತ್ತೇನೆ, ಭಾವನ ಜತೆ ನಾನು ಕೂರುತ್ತೇನೆ, ನೀನು ಹೋಗಿ ತರಕಾರಿ ತಂದುಕೋ, ಸ್ವಲ್ಪ ಗಾಳಿ ತಗೋ. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇರಲಿಲ್ಲ ಎಂದೇ ಅಂದುಕೊಂಡಿದ್ದೇನೆ. ಸಂಜೆಯ ಕಸರತ್ತು ಹೀಗೆ ನನ್ನ ಪಾಲಿಗೆ ಬಂತು. ಅಕ್ಕ ಕಟ್ಟಿಟ್ಟು, ಚೀಲ ಹಿಡಿದು ಕೆಳಗೆ ಇಳಿಯುತ್ತಿದ್ದಳು.

ಒಂದು ಸಂಜೆ ನಾನು ಕಪ್ಪು ಪಾನೊಂದನ್ನು ಆಚೆ ಗೆರೆಯ ಮೇಲಿಟ್ಟಿದ್ದೆ. ನೀವು ಕೈ ಚಾಚಲು ನೋಡಿದಿರಿ. ಎದೆಯ ಪಟ್ಟಿ ಬಿಗಿಯಿತು, ಮೈ ಹೋಗಲಿಲ್ಲ. ಹಣೆಯ ಮೇಲೆ ಬೆವರು ಬಂತು. ಸಾಕು ಅನ್ನಬೇಕೆಂದಿದ್ದೆ — ಅಷ್ಟರಲ್ಲಿ ನಿಮ್ಮ ಮೊಣಕೈ ಬಿಚ್ಚಿತು. ನಡುಗುತ್ತಾ, ನಿಂತು ನಿಂತು, ಆದರೂ ಬಿಚ್ಚಿತು. ಬೆನ್ನು ಕುರ್ಚಿಗೆ ತಾಗಿಯೇ ಇತ್ತು. ನಡುಬೆರಳಿನ ತುದಿ ಪಾನಿಗೆ ತಾಗಿ ಅದು ಒಂದಿಷ್ಟು ಜರುಗಿತು. ನನಗೆ ಖುಷಿಯಾಯಿತು, ಭಾವ. ಸುಳ್ಳಲ್ಲ. ಒಂದು ಗಳಿಗೆ ಎಲ್ಲ ಮರೆತಿದ್ದೆ.

ನೀವು ನನ್ನ ಕಡೆ ತಿರುಗಿದಿರಿ. ಅರ್ಧ ಮುಖದಲ್ಲಿ ಅದೇ ನಗು. ತೊದಲುತ್ತಲೇ ಅಂದಿರಿ: "ನೋಡಿದ್ಯೇನೋ ಸೀನ? ಈ ಕೈ ಒಂದು ಬರ್ಲಿ. ನಿನ್ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಮತ್ತೆ ನಿನ್ನ ಸೋಲಿಸ್ತೀನಿ."

ಅದು ಭಾವ ಮೈದುನರ ತಮಾಷೆಯೇ ಇರಬಹುದು. ಸಾವಿನ ಹತ್ತಿರ ಹೋಗಿ ಬಂದವನು ಬದುಕಲು ಒಂದು ನೆಪ ಹುಡುಕಿಕೊಂಡದ್ದೇ ಇರಬಹುದು. ಯೋಚಿಸಲು ನನಗೆ ಮನಸ್ಸಿರಲಿಲ್ಲ. ನನಗೆ ಕಂಡದ್ದು ಇಷ್ಟೇ — ಆ ಕೈ ವಾಪಸು ಬರುತ್ತಿದೆ. ಅದು ಮತ್ತೆ ನನ್ನ ಬೆನ್ನಿನ ಮೇಲೆ ಕೂರುತ್ತದೆ, ಅನುವಿನ ಗಲ್ಲ ಹಿಡಿಯುತ್ತದೆ.

ನೀವು ಇನ್ನೊಮ್ಮೆ ಚಾಚಲು ಹೋದಿರಿ, ಆಗಲಿಲ್ಲ. "ಈ ಹಾಳು ಬಟ್ಟೆ ಎದೆ ಕುಯ್ತದೆ ಕಣೋ" ಎಂದಿರಿ. ಆಗ ನಾನು ಎದ್ದು ಕುರ್ಚಿಯ ಹಿಂದೆ ಬಂದೆ. ಎಷ್ಟು ಮೆದುವಾಗಿ ಹೇಳಿದೆ ಎಂಬುದು ಈಗಲೂ ನನ್ನ ಕಿವಿಯಲ್ಲಿದೆ.

"ಯಾಕೆ ಭಾವ ಈ ಕಟ್ಟು? ನೀವೇನು ದನಾನ? ಇರಿ, ಬಿಚ್ತೀನಿ."

ಗಂಟು ಬಿಚ್ಚಿದೆ. ಬೋರ್ಡನ್ನು ನಿಮ್ಮ ಕಡೆಗೆ ಎಳೆದೆ. ನೀವು ಸೊಂಟದಿಂದ ಬಗ್ಗಿ, ಮಡಚಿದ ಕೈಯಲ್ಲಿ ಪಾನನ್ನು ತಳ್ಳಿದಿರಿ. "ಕೈ ಬಂತು ನೋಡಿ ಭಾವ!" ಎಂದು ಚಪ್ಪಾಳೆ ತಟ್ಟಿದೆ. ನಿಮ್ಮ ಮುಖ ಅರಳಿತು. ಅಕ್ಕನ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸುವ ಮೊದಲೇ ಮತ್ತೆ ಕಟ್ಟಿದೆ. "ಅವ್ಳಿಗೆ ಹೇಳ್ಬೇಡ" ಎಂದಿರಿ. ಹೇಳಲಿಲ್ಲ.

ಆಮೇಲೆ ಅದೇ ನಮ್ಮ ಸಂಜೆಯ ಪದ್ಧತಿಯಾಯಿತು. ಅಕ್ಕ ಕಟ್ಟುವಳು, ನಾನು ಬಿಚ್ಚುವೆ. ಕಸರತ್ತು ಹೋಗಿ ಆಟವೇ ಶುರುವಾಯಿತು. ನೀವು ಇಡೀ ಮೈಯನ್ನು ಬೋರ್ಡಿನ ಮೇಲೆ ಹಾಕಿ ಸ್ಟ್ರೈಕರನ್ನು ನೂಕುತ್ತಿದ್ದಿರಿ. ನಾನು ಬೇಕೆಂದೇ ತಪ್ಪಿಸಿ, ಬೇಕೆಂದೇ ಸೋಲುತ್ತಿದ್ದೆ. ಅಷ್ಟು ವರ್ಷ ನಿಜವಾಗಿ ಸೋತಾಗ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತಲ್ಲ — ಈ ಸುಳ್ಳು ಸೋಲಿನಲ್ಲಿ ಎಂಥ ತೃಪ್ತಿ! ಬೊರಿವಲಿಯ ಲೋಕಲಿನಲ್ಲಿ ಬಾಗಿಲ ಹತ್ತಿರ ನಿಂತು ಒಬ್ಬನೇ ನಗುತ್ತಿದ್ದೆ. ನೀವಾದರೋ ಆ ದಿನಗಳಲ್ಲೇ ಮೊದಲ ಬಾರಿಗೆ ನನ್ನ ಜತೆ ಸಮಾನನ ಹಾಗೆ ಮಾತಾಡಿದಿರಿ. ನಿಮ್ಮ ಅಪ್ಪನ ವಿಷಯ, ಆಫೀಸಿನಲ್ಲಿ ನಿಮಗಾದ ಅವಮಾನ, ಮಕ್ಕಳಾಗಲಿಲ್ಲವೆಂಬ ಸಂಕಟ. ಕೇಳಿಸಿಕೊಂಡೆ. ಕೇಳಿಸಿಕೊಳ್ಳುತ್ತಲೇ ಬೋರ್ಡನ್ನು ಇನ್ನಷ್ಟು ಹತ್ತಿರ ಎಳೆದೆ.

ಫಿಸಿಯೋ ಹುಡುಗಿಗೆ ಅನುಮಾನ ಬಂದಿತ್ತು. ಮೊದಲು ಬಿಚ್ಚಿದ್ದ ಮೊಣಕೈ ಮುಂದೆ ಹೋಗುವುದರ ಬದಲು ಹಿಂದೆ ಬರುತ್ತಿದೆಯಲ್ಲ ಎಂದು ಅಕ್ಕನನ್ನು ಕೇಳಿದಳು. "ಘರ್ ಪೇ ಬಾಂಧ್ತೇ ಹೋ ನಾ, ಆಂಟಿ? ಸಚ್ ಬೋಲೋ." ಅಕ್ಕ ಗಾಬರಿಯಾಗಿ, ರೋಜ್ ಬಾಂಧ್ತೀ ಹೂಂ, ಮನೆಯಲ್ಲಿ ದಿನಾ ಕಟ್ಟುತ್ತೇನೆ ಎಂದಳು. ಆ ಹುಡುಗಿ ನಂಬಲಿಲ್ಲ. ಮನೆಯವರು ಅಯ್ಯೋ ಪಾಪ ಎಂದು ಬಿಚ್ಚಿಬಿಡುತ್ತಾರೆ, ಅದರಿಂದಲೇ ಕೈ ಕೆಡುತ್ತದೆ ಎಂದು ಅಕ್ಕನಿಗೇ ಬೈದಳು. ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ನೀವು ನನ್ನ ಮುಖ ನೋಡಿದಿರಿ, ನಾನು ನಿಮ್ಮ ಮುಖ ನೋಡಿದೆ — ಇಬ್ಬರೂ ಬಾಯಿ ಬಿಡಲಿಲ್ಲ. ನೀವು ಸುಮ್ಮನಿದ್ದದ್ದು ನನ್ನನ್ನು ಉಳಿಸಲು. ನಾನು ಸುಮ್ಮನಿದ್ದದ್ದೂ ನನ್ನನ್ನು ಉಳಿಸಿಕೊಳ್ಳಲು. ಅದಾದ ಸ್ವಲ್ಪ ದಿನಕ್ಕೆ, ಪೊಲೀಸಮ್ಮ ಬೇಡ, ನಮ್ಮ ಸೀನ ಸಾಕು ಎಂದು ಹಟ ಹಿಡಿದು ನೀವು ಅವಳನ್ನು ಬಿಡಿಸಿದಿರಿ.

ಈಗ ನೀವು ಉಣ್ಣುವುದನ್ನು ನಾನು ನೋಡುತ್ತೇನೆ. ನೀರಿನ ಲೋಟ ಬೇಕಾದರೆ ಎದೆ ತಟ್ಟೆಗೆ ತಾಗುವಷ್ಟು ಬಗ್ಗುತ್ತೀರಿ, ಅಂಗಿಗೆ ಸಾರು ಮೆತ್ತಿಕೊಳ್ಳುತ್ತದೆ. ಬಗ್ಗಿ ಬಗ್ಗಿ ಸೊಂಟ ನೋವು, ಎತ್ತಿ ಎತ್ತಿ ಭುಜ ನೋವು. ಅಕ್ಕ ಲೋಟವನ್ನು ಹತ್ತಿರ ಸರಿಸಿದರೆ, "ಮುಟ್ಬೇಡ, ಕಟ್ಟಿಹಾಕ್ದೋಳು ನೀನು" ಎಂದು ಕಿರುಚುತ್ತೀರಿ. ನಾನು ಸರಿಸಿದರೆ ಕುಡಿಯುತ್ತೀರಿ. ಬಂದವರ ಮುಂದೆ ನಿಮ್ಮ ಮಾತು ಈಗ ಬದಲಾಗಿದೆ: ಹೆಂಡತಿಯಾದವಳು ಪ್ರಾಣಿಯ ಹಾಗೆ ಕುರ್ಚಿಗೆ ಬಿಗಿದಳು, ಮನುಷ್ಯನ ಹಾಗೆ ನೋಡಿದವನು ಮೈದುನನೊಬ್ಬನೇ. ಅಕ್ಕ ಅಡುಗೆಮನೆಯಲ್ಲಿ ನಿಂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಬಂದವರು ಅವಳು ಕೊಟ್ಟ ಕಾಫಿ ಕುಡಿಯುತ್ತಾ ಅವಳನ್ನು ಒಂದು ಥರಾ ನೋಡುತ್ತಾರೆ.

ಹೋದ ತಿಂಗಳು ಭುಜದ ನೋವಿಗೆಂದು ಸ್ಟೇಷನ್ ಹತ್ತಿರದ ಹೊಸ ಫಿಸಿಯೋ ಬಳಿಗೆ ಹೋಗಿದ್ದೆವಲ್ಲ. ವಯಸ್ಸಾದವರು, ಗುಜರಾತಿ. ನಿಮ್ಮ ಮೊಣಕೈಯನ್ನು ಹಿಡಿದು, ತಿರುಗಿಸಿ, ಲೋಟವೊಂದನ್ನು ಮುಟ್ಟಿಸಿ ನೋಡಿದರು. ಮೈಯನ್ನು ಹಿಡಿದು ಕೈಗೆ ಕೆಲಸ ಕೊಡುವ ಅಭ್ಯಾಸ ಮೊದಲಲ್ಲಿ ಮಾಡಿಸಲಿಲ್ಲವೇ ಎಂದು ಕೇಳಿದರು. ನೀವು, ಇವಳು ಕಟ್ಟಿ ಕಟ್ಟಿಯೇ ಕೈ ಹಾಳು ಮಾಡಿದಳು ಎಂದಿರಿ. ಅವರು ಅಕ್ಕನ ಮುಖ ನೋಡಿದರು. ಆಗ ಅಭ್ಯಾಸ ಮಾಡಿದ್ದರೆ ಪೂರ್ತಿ ಬರುತ್ತಿತ್ತೆಂದು ಹೇಳಲಾರೆ, ಆದರೆ ಇದಕ್ಕಿಂತ ಚೆನ್ನಾಗಿರುತ್ತಿತ್ತು ಎಂದರು. ಈಗಲೂ ಶುರು ಮಾಡಿದರೆ ಸ್ವಲ್ಪವಾದರೂ ಬರಬಹುದು, ಆದರೆ ಕಟ್ಟಲೇಬೇಕು ಎಂದರು. ಕಟ್ಟುವ ಮಾತು ಬಂದ ಕೂಡಲೇ ನೀವು ಎದ್ದು ಹೊರಟುಬಿಟ್ಟಿರಿ.

ನಿಮ್ಮನ್ನು ರಿಕ್ಷಾಕ್ಕೆ ಹತ್ತಿಸಿದ ಮೇಲೆ ಅಕ್ಕ ನನ್ನ ತೋಳು ಹಿಡಿದು ನಿಲ್ಲಿಸಿದಳು. "ನಂಗೆ ಕಟ್ಟೋಕೇ ಸರಿಯಾಗಿ ಬರ್ಲಿಲ್ವೇನೋ ಸೀನ. ಸಡಿಲ ಬಿಟ್ಟಿರ್ಬೇಕು. ಅವ್ರಿಗೆ ನೋಯುತ್ತೆ ಅಂತ ಬಿಗಿಯೋಕೆ ಕೈ ಬರ್ತಿರ್ಲಿಲ್ಲ. ನನ್ನಿಂದ್ಲೇ ಹಿಂಗಾಯ್ತು" ಎಂದಳು. ನಾನೇನು ಹೇಳಿದೆ ಗೊತ್ತೇ, ಭಾವ? "ಹೋಗ್ಲಿ ಬಿಡಕ್ಕ, ಆಗಿದ್ದಾಯ್ತು" ಎಂದೆ. ಅವಳ ತಪ್ಪೇ ಎಂಬ ಹಾಗೆ. ಕ್ಷಮಿಸುವವನ ಹಾಗೆ.

ಆವತ್ತಿನಿಂದ ನನಗೆ ನನ್ನ ಮುಖ ನೋಡಿಕೊಳ್ಳಲು ಆಗುತ್ತಿಲ್ಲ. ಪೂರ್ತಿ ಬರುತ್ತಿತ್ತೆಂದು ಹೇಳಲಾರೆ ಎಂದ ಆ ಮುದುಕರ ಮಾತಿನ ಹಿಂದೆ ಅಡಗಿಕೊಳ್ಳಬಹುದೇ ಎಂದು ನೋಡಿದೆ. ನೀವೂ ಒಪ್ಪಿಯೇ ಬಿಚ್ಚಿಸಿಕೊಂಡಿರಲ್ಲ ಎಂದು ನೋಡಿದೆ. ಯಾವುದೂ ನಿಲ್ಲಲಿಲ್ಲ. ನೀವು ಬಿಚ್ಚಿಸಿಕೊಂಡದ್ದು ನೋವು ತಾಳಲಾರದೆ. ನಾನು ಬಿಚ್ಚಿದ್ದು ನಿಮ್ಮ ಮೊಣಕೈ ಬಿಚ್ಚಿದ್ದನ್ನು ಕಣ್ಣಾರೆ ಕಂಡು, ಅದು ಇನ್ನೊಮ್ಮೆ ಬಿಚ್ಚದಿರಲಿ ಎಂದು. ನಿಮಗೆ ಮಾಡಿದ್ದನ್ನಾದರೂ ಹೊಟ್ಟೆಯಲ್ಲಿಟ್ಟುಕೊಂಡು ಸಾಯುತ್ತಿದ್ದೆನೋ ಏನೋ — ನನ್ನ ಕೀಳುತನ ನನಗೆ ಗೊತ್ತು. ಆದರೆ ಅಕ್ಕ, ನನ್ನನ್ನು ಎತ್ತಿ ಆಡಿಸಿದ ಅಕ್ಕ, ನಾನು ಮಾಡಿದ್ದನ್ನು ತಾನು ಮಾಡಿದೆನೆಂದು ನಂಬಿ ಕೂತಿದ್ದಾಳೆ.

ಇದೆಲ್ಲವನ್ನೂ ಬರೆದೆನೇ ಹೊರತು ಕಾಗದ ಕಳಿಸಿ ತಪ್ಪಿಸಿಕೊಳ್ಳುವುದಿಲ್ಲ. ಈ ಭಾನುವಾರ ಬರುತ್ತೇನೆ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಜೋರಾಗಿ ಓದುತ್ತೇನೆ. ಎದುರು ಮನೆಯ ಬಾಗಿಲು ತೆರೆದಿದ್ದರೆ ತೆರೆದಿರಲಿ. ಆಮೇಲೆ ನೀವು ಉಗಿಯಿರಿ, ಹೊಡೆಯಿರಿ, ಹೊಸಿಲು ತುಳಿಯಬೇಡ ಎನ್ನಿ. ಬಂದ ದಾರಿಯಲ್ಲಿ ಹೋಗುತ್ತೇನೆ. ಅಕ್ಕ ಏನೆನ್ನುತ್ತಾಳೋ, ಗೊತ್ತಿಲ್ಲ.

ನಿಮ್ಮಲ್ಲಿ ಕೇಳುವುದು ಒಂದೇ. ನನಗಾಗಿ ಕೇಳುತ್ತಿಲ್ಲ. ಸೋಮವಾರ ಬೆಳಗ್ಗೆ ಅಕ್ಕ ಆ ಪಟ್ಟಿಯನ್ನು ಹಿಡಿದು ಬರುತ್ತಾಳೆ, ನನಗೆ ಅವಳು ಗೊತ್ತು. ಆಗ ತಳ್ಳಬೇಡಿ, ಭಾವ. ಬೆನ್ನನ್ನು ಕುರ್ಚಿಗೆ ಆನಿಸಿ ಕೂತು, ಅವಳಿಗೆ ಕಟ್ಟಲು ಬಿಡಿ.